ಉಪ್ಪುನೀರಿನ ಟ್ಯಾಂಕಿನ ರಿಂಗ್ ಚೀಲ ಒಂದೊಂದೇ ತೊಳೆದ ಎಂಟು ವಾರ

ಮೇ ಕೊನೆಯ ವಾರ ಮೀನಿನ ಟ್ಯಾಂಕಿನ ಕೆಳಗಿನ ಕಪಾಟು ತೆಗೆದು ಟಾರ್ಚ್ ಹಾಕಿ ನೋಡಿದೆ, ಸೆರಾಮಿಕ್ ರಿಂಗ್ (ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ಬೆಳೀಲಿಕ್ಕೆ ಇಡುವ ಸಣ್ಣ ಪಿಂಗಾಣಿ ಬಳೆ) ಇಟ್ಟ ಖಾನೆಯಲ್ಲಿ ನೀರು ಚೀಲದ ಒಳಗಿಂದ ಹೋಗ್ತಾನೇ ಇಲ್ಲ, ಚೀಲದ ಮೇಲಿಂದ ಜಾರಿ ಆಚೆ ಬೀಳ್ತಾ ಉಂಟು. ಗಾಜಿನ ಮೇಲೆ ಹಳೇ ನೀರಿನ ಗೆರೆ ಎಲ್ಲಿತ್ತೋ ಅದಕ್ಕಿಂತ ಎರಡು ಬೆರಳು ಮೇಲೆ ನೀರು ನಿಂತಿತ್ತು. ಒಂದು ಚೀಲವನ್ನು ಬೆರಳಲ್ಲಿ ಮೆಲ್ಲ ಒತ್ತಿದೆ ಅಷ್ಟೆ, ಕಂದು ಕೆಸರು ಎದ್ದು ಇಡೀ ಖಾನೆ ಕದಡಿತು. ವಾರ ವಾರ ನೀರು ಬದಲಿಸಿದ್ರೂ ನೈಟ್ರೇಟ್ (ಮೀನಿನ ಗಲೀಜು ಕೊನೆಗೆ ನೀರಲ್ಲಿ ಉಳಿಯುವ ರೂಪ) ಯಾಕೆ 80 ಪಿಪಿಎಂ, ಅಂದ್ರೆ ಲೀಟರಿಗೆ ಸುಮಾರು 80 ಮಿಲಿಗ್ರಾಂ, ಬಿಟ್ಟು ಇಳಿತಾ ಇಲ್ಲ ಅಂತ ಎರಡು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೆ, ಉತ್ತರ ಅಲ್ಲೇ ಕಣ್ಣೆದುರು ಕೂತಿತ್ತು.

ಮೊದಲು ಟ್ಯಾಂಕಿನ ವಿಷಯ ಹೇಳಿಬಿಡ್ತೇನೆ. ಸುರತ್ಕಲ್ ಹತ್ತಿರ ನಮ್ಮ ಮನೆ. ಹಾಲಿನಲ್ಲಿ 4 ಅಡಿ ಟ್ಯಾಂಕ್, ಅದರ ಕೆಳಗೆ ಸಂಪ್. ಸಂಪ್ ಅಂದ್ರೆ ಅಂಗಳದಡಿಯ ನೀರಿನ ತೊಟ್ಟಿ ಅಲ್ಲ, ಮೂರು ಖಾನೆಯ ಗಾಜಿನ ಪೆಟ್ಟಿಗೆ. ಮೇಲಿನ ಟ್ಯಾಂಕಿನ ನೀರು ಪೈಪಲ್ಲಿ ಇಳಿದು ಮೊದಲ ಖಾನೆಯ ಫಿಲ್ಟರ್ ಸಾಕ್ (ಕಸ ಸೋಸುವ ಬಟ್ಟೆ ಚೀಲ) ಮತ್ತು ಸ್ಕಿಮ್ಮರ್ (ನೊರೆ ಎಬ್ಬಿಸಿ ಗಲೀಜು ತೆಗೆಯುವ ಸಾಧನ) ದಾಟ್ತದೆ, ಎರಡನೇ ಖಾನೆಯಲ್ಲಿ ರಿಂಗ್ ಚೀಲಗಳು, ಮೂರನೇದರಲ್ಲಿ ರಿಟರ್ನ್ ಪಂಪ್, ಅಲ್ಲಿಂದ ಮತ್ತೆ ಮೇಲೆ. ಎಲ್ಲ ಸೇರಿ ಸುಮಾರು 280 ಲೀಟರ್ ನೀರು. ಹ್ಯಾಚರಿಯಲ್ಲಿ ಹುಟ್ಟಿದ ಒಂದು ಜೋಡಿ ಕ್ಲೌನ್ ಫಿಶ್, ಎರಡು ಡ್ಯಾಮ್ಸೆಲ್, ಪಾಚಿ ಕೆರೆದು ತಿನ್ನುವ ಒಂದು ಬ್ಲೆನ್ನಿ, ಎರಡು ಕ್ಲೀನರ್ ಶ್ರಿಂಪ್ (ಅಮ್ಮ ಅವನ್ನು ಎಟ್ಟಿ ಅಂತಲೇ ಕರೆಯೋದು), ನಾಲ್ಕೈದು ಸನ್ಯಾಸಿ ಏಡಿ.

ಹವಳ ಇಲ್ಲ. ಹೊರದೇಶದವರ ವಿಡಿಯೋ ನೋಡಿದ್ರೆ ಎಲ್ಲರೂ ಲೈವ್ ರಾಕ್ (ಹವಳದ ದಿಬ್ಬದಿಂದ ತೆಗೆದ, ಜೀವಿಗಳು ಅಂಟಿಕೊಂಡ ಕಲ್ಲು) ಹಾಕಿ, ಅದೇ ಫಿಲ್ಟರ್ ಅಂತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿ ಹವಳ ಉಂಟು, ಸಮುದ್ರದಿಂದ ಅದನ್ನು ಕಿತ್ತು ತರೋದು ಅಪರಾಧ. ಆ ಕಾನೂನು ಬೇಕಾದ್ದೇ ಅಂತ ನನ್ನ ಅಭಿಪ್ರಾಯ, ನಮ್ಮ ಹಾಲಿನ ಚಂದಕ್ಕೆ ಸಮುದ್ರದ ಹವಳದ ದಿಬ್ಬ ಹಾಳಾಗಬಾರದು. ಹಾಗಾಗಿ ನನ್ನ ಟ್ಯಾಂಕಲ್ಲಿ ಇರೋದು ಸಿಮೆಂಟು ಮತ್ತು ಚಿಪ್ಪು ಸೇರಿಸಿ ಮಾಡಿದ ಒಣ ಕಲ್ಲು, ಅದರ ಜೊತೆ ಸಂಪಿನಲ್ಲಿ ನಾಲ್ಕು ಬಲೆ ಚೀಲ, ಒಂದೊಂದರಲ್ಲಿ ಒಂದು ಕೆಜಿ ಸೆರಾಮಿಕ್ ರಿಂಗ್. ಮೀನಿನ ಗಲೀಜಿನ ಹೆಚ್ಚಿನ ಭಾರ ಹೊರೋದು ಆ ನಾಲ್ಕು ಚೀಲ.

ಚೀಲ ಮುಟ್ಟುವ ಮೊದಲೇ ನನಗೆ ಸ್ವಲ್ಪ ಹೆದರಿಕೆ ಇತ್ತು, ಅದಕ್ಕೆ ಕಾರಣವೂ ಉಂಟು. ಟ್ಯಾಂಕ್ ಇಟ್ಟ ಮೊದಲ ವರ್ಷ ರಿಂಗುಗಳು ಕಪ್ಪಾಗಿವೆ, ಕ್ಲೀನ್ ಮಾಡುವ ಅಂತ ಎಲ್ಲವನ್ನೂ ಬಕೆಟಿಗೆ ಸುರಿದು ಬಾವಿಕಟ್ಟೆ ಹತ್ತಿರ ಕೂತು ಬ್ರಶ್ಶಿನಿಂದ ಒಂದೊಂದೇ ತಿಕ್ಕಿ ಬಾವಿ ನೀರಲ್ಲೇ ತೊಳೆದಿದ್ದೆ. ಮಳೆಗಾಲ ಅಂತ ಹಿಂದಿನ ದಿನ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದು ಬೇರೆ. ರಿಂಗು ಹೊಸತರ ಹಾಗೆ ಬೆಳ್ಳಗಾಗಿ ಬಂತು, ಖುಷಿಯಲ್ಲಿ ವಾಪಸ್ ಹಾಕಿದೆ. ಮೂರನೇ ದಿನ ಬೆಳಿಗ್ಗೆ ಲೈಟ್ ಹಾಕಿದ್ರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡ್ತಾ ಇದ್ದವು, ಅಮೋನಿಯ ನೋಡಿದ್ರೆ 1 ಪಿಪಿಎಂ. ಅವತ್ತೇ ಅರ್ಧ ನೀರು ಬದಲಿಸಿದ್ರೂ ಒಂದು ಡ್ಯಾಮ್ಸೆಲ್ ಮತ್ತೆ ಒಂದು ಗೋಬಿ ಮೀನು ಉಳಿಲಿಲ್ಲ. ಆ ಗೋಬಿ ನನ್ನ ಕೈಯಿಂದಲೇ ತಿನ್ತಾ ಇದ್ದದ್ದು. ಟ್ಯಾಂಕ್ ಮತ್ತೆ ದಾರಿಗೆ ಬರ್ಲಿಕ್ಕೆ ಐದು ವಾರ ಹಿಡೀತು.

ಆಮೇಲೆ ಓದಿ ತಿಳಿದದ್ದು ಇಷ್ಟು. ಮೀನು ಅಮೋನಿಯ ಬಿಡೋದು ಹೆಚ್ಚಾಗಿ ಕಿವಿರಿನಿಂದಲೇ, ತಿನ್ನದೆ ಉಳಿದ ಆಹಾರ ಕೊಳೆತು ಬರುವ ಅಮೋನಿಯ ಬೇರೆ. ರಿಂಗಿನ ಮೈಮೇಲೆ ಒಂದು ತೆಳ್ಳಗಿನ ಲೋಳೆ ಪದರ ಇರ್ತದೆ, ಅದರಲ್ಲಿ ಒಂದು ಗುಂಪಿನ ಬ್ಯಾಕ್ಟೀರಿಯಾ ಅಮೋನಿಯವನ್ನು ನೈಟ್ರೈಟ್ ಮಾಡ್ತದೆ, ನೈಟ್ರೋಸ್ಪೈರಾದಂಥ ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡ್ತದೆ. ನಾವು ಹಾಲಿಗೆ ಹೆಪ್ಪು ಹಾಕಿ ಮಲಗಿದ್ರೆ ಬೆಳಿಗ್ಗೆಗೆ ಮೊಸರು ರೆಡಿ, ಆ ಬ್ಯಾಕ್ಟೀರಿಯಾ ಅಷ್ಟು ಬೇಗ ಬೆಳಿತದೆ. ಇವು ಹಾಗಲ್ಲ, ಒಂದು ಇದ್ದದ್ದು ಎರಡಾಗ್ಲಿಕ್ಕೇ ಅರ್ಧ ದಿನ, ಒಂದು ದಿನ, ಕೆಲವಕ್ಕೆ ಅದಕ್ಕಿಂತಲೂ ಹೆಚ್ಚು ಬೇಕು. ತಿಕ್ಕಿ ತೆಗೆದ್ರೆ ನಾಳೆ ಬರೋದಿಲ್ಲ. ಸಿಹಿನೀರು ತಾಗಿದ್ರೆ ಉಪ್ಪುನೀರಲ್ಲಿ ಬೆಳೆದವು ತಡೆಯೋದಿಲ್ಲ, ಕ್ಲೋರಿನ್ ತಾಗಿದ್ರೆ ಕೇಳೋದೇ ಬೇಡ. ನಾನು ಎರಡನ್ನೂ ಒಟ್ಟಿಗೆ ಮಾಡಿದ್ದೆ.

ಹಾಗಂತ ಮುಟ್ಟದೇ ಬಿಟ್ರೂ ಆಗೋದಿಲ್ಲ ಅಂತ ಈ ಸರ್ತಿ ಗೊತ್ತಾಯ್ತು. ಆ ಗೋಬಿ ಸತ್ತ ಮೇಲೆ ರಿಂಗಿನ ತಂಟೆಗೇ ಹೋಗಿರಲಿಲ್ಲ, ಬ್ಯಾಕ್ಟೀರಿಯಾ ಸಾಯ್ತದೆ ಅಂತ ಹೆದರಿ. ಈ ಬ್ಯಾಕ್ಟೀರಿಯಾಕ್ಕೆ ಅಮೋನಿಯ ಒಂದೇ ಸಾಕಾಗೋದಿಲ್ಲ, ಉಸಿರು ಬೇಕು. ಅಮೋನಿಯದ ರೂಪದ 1 ಮಿಲಿಗ್ರಾಂ ಸಾರಜನಕ ನೈಟ್ರೇಟ್ ಆಗಬೇಕಾದ್ರೆ ಸುಮಾರು 4.5 ಮಿಲಿಗ್ರಾಂ ಆಮ್ಲಜನಕ ಖರ್ಚಾಗ್ತದೆ. ಉಪ್ಪುನೀರಲ್ಲಿ ಆಮ್ಲಜನಕ ಮೊದಲೇ ಕಡಿಮೆ, 26 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ 8 ಮಿಲಿಗ್ರಾಂ ಚಿಲ್ಲರೆ ಹಿಡಿದ್ರೆ ಸಮುದ್ರದ ನೀರು ಆರೂವರೆ ಹತ್ತಿರ ಮಾತ್ರ. ರಿಂಗುಗಳ ಸಂದಿಯಲ್ಲಿ ಕೆಸರು ತುಂಬಿದ್ರೆ ನೀರು ಒಳಗೆ ಹೋಗೋದಿಲ್ಲ, ನೀರು ಹೋಗದಿದ್ರೆ ಆಮ್ಲಜನಕ ಹೋಗೋದಿಲ್ಲ, ಚೀಲದ ಮಧ್ಯದ ರಿಂಗು ಇದ್ದೂ ಇಲ್ಲದ ಹಾಗೆ. ಆ ಕೆಸರು ಅಂದ್ರೆ ಮೀನಿನ ಹಿಕ್ಕೆ, ಆಹಾರದ ಹುಡಿ, ಸತ್ತ ಪಾಚಿ, ಅಲ್ಲೇ ಕೊಳೀತಾ ದಿನಾ ಹೊಸ ಅಮೋನಿಯ, ಅದರಿಂದ ಹೊಸ ನೈಟ್ರೇಟ್. ಮೇಲಿಂದ 10% ನೀರು ಬದಲಿಸಿ ನಾನು ತೆಗಿತಾ ಇದ್ದದ್ದನ್ನು ಕೆಳಗಿಂದ ಆ ಚೀಲಗಳು ಪುನಃ ತುಂಬ್ತಾ ಇದ್ದವು.

ಕೆಸರು ಬೇರೆ, ಲೋಳೆ ಬೇರೆ. ಕೆಸರು ಹೋಗಬೇಕು, ಲೋಳೆ ಉಳೀಬೇಕು. ಈ ಎಂಟು ವಾರ ನಾನು ಮಾಡಿದ್ದೆಲ್ಲ ಇದೊಂದೇ.

ಕೆಸರು ಅಷ್ಟು ಹೇಗೆ ಸೇರಿತು ಅಂತ ಕೇಳಿದ್ರೆ ಮೊದಲ ಕಾರಣ ಸಾಕ್. 200 ಮೈಕ್ರಾನಿನ ಆ ಬಟ್ಟೆ ಚೀಲವನ್ನು ಮೂರ್ನಾಲ್ಕು ದಿನಕ್ಕೆ ಬದಲಿಸಬೇಕು, ನಾನು ಈ ವರ್ಷ ಕೆಲಸದ ಗಡಿಬಿಡಿಯಲ್ಲಿ ಎರಡು ವಾರ ಬಿಡ್ತಾ ಇದ್ದೆ. ಸಾಕ್ ಕಟ್ಟಿ ನೀರು ಅದರ ಬಾಯಿಂದ ಉಕ್ಕಿ ಹೋಗ್ತಾ ಇತ್ತು, ಕೆಸರೆಲ್ಲ ಸೀದಾ ರಿಂಗಿಗೆ. ಎರಡನೇ ಕಾರಣ ಚೀಲಗಳನ್ನು ಸಂಪಿನ ತಳದ ಗಾಜಿಗೇ ತಾಗಿಸಿ ಇಟ್ಟದ್ದು. ಅಡಿಯಲ್ಲಿ ಜಾಗ ಇಲ್ಲ, ಕೆಸರು ಇಳಿದು ಕೂರ್ಲಿಕ್ಕೆ ಜಾಗ ಇಲ್ಲ, ತೆಗೀಲಿಕ್ಕೂ ಇಲ್ಲ.

ಮೊದಲ ವಾರ

ಮುಟ್ಟುವ ಮೊದಲು ಎಲ್ಲ ಟೆಸ್ಟ್ ಮಾಡಿ ಬರೆದಿಟ್ಟೆ. ಬರೆಯೋದು ಮಗಳು, ಅವಳಿಗೆ ಬಣ್ಣ ಹೋಲಿಸಿ ನೋಡುವ ಕಣ್ಣು ನನಗಿಂತ ಚುರುಕು. ಅಮೋನಿಯ 0, ನೈಟ್ರೈಟ್ 0, ಬೆಳಿಗ್ಗೆಯ ಪಿಎಚ್ 7.8, ಆಲ್ಕಲಿನಿಟಿ (ಆಮ್ಲವನ್ನು ತಡೆಯುವ ನೀರಿನ ಶಕ್ತಿ, ಅದರ ಅಳತೆ ಡಿಕೆಎಚ್) 6.2 ಡಿಕೆಎಚ್. ನೈಟ್ರೇಟಿನ ಕೆಂಪು ಬಣ್ಣ ಒಂದು ಮಟ್ಟದ ಮೇಲೆ ಎಲ್ಲ ಒಂದೇ ತರ ಕಾಣ್ತದೆ, 80ರ ಚೌಕಕ್ಕೂ 160ರದ್ದಕ್ಕೂ ವ್ಯತ್ಯಾಸ ತಿಳಿಯೋದಿಲ್ಲ. ಅದಕ್ಕೆ ಒಂದು ಭಾಗ ಟ್ಯಾಂಕ್ ನೀರಿಗೆ ಮೂರು ಭಾಗ ಆರ್‌ಓ ನೀರು ಸೇರಿಸಿ ಟೆಸ್ಟ್ ಮಾಡಿ ಬಂದದ್ದನ್ನು ನಾಲ್ಕರಿಂದ ಗುಣಿಸಿದ್ದು. 20 ಬಂತು, ಅಂದ್ರೆ 80. ಟ್ಯೂಬ್ ಲೈಟಿನ ಕೆಳಗೆ ನೋಡಬೇಡಿ, ಕಿಟಕಿ ಹತ್ತಿರ ಹಗಲು ಬೆಳಕಲ್ಲಿ ನೋಡಿ.

ಆಲ್ಕಲಿನಿಟಿ ಇಳಿದದ್ದಕ್ಕೂ ಇದೇ ಕಾರಣ. ಆಹಾರದ ಸಾರಜನಕ ನೈಟ್ರೇಟ್ ಆಗ್ತಾ ಹೋದ ಹಾಗೆ ಆಮ್ಲ ಹುಟ್ತದೆ, ನೈಟ್ರೇಟ್ 50 ಪಿಪಿಎಂ ಏರುವಷ್ಟರಲ್ಲಿ ಸುಮಾರು 2.3 ಡಿಕೆಎಚ್ ತಿಂದು ಹಾಕ್ತದೆ. ನನ್ನ ಪುಸ್ತಕದಲ್ಲಿ ಜನವರಿಯಿಂದ ಮೇ ತನಕದ ಅಂಕಿ ನೋಡಿದ್ರೆ ಎರಡೂ ಒಟ್ಟೊಟ್ಟಿಗೆ ನಡೆದದ್ದು ಕಾಣ್ತದೆ, ಒಂದು ಮೇಲೆ, ಒಂದು ಕೆಳಗೆ.

ನೀರಿನ ತಯಾರಿ ಹಿಂದಿನ ದಿನವೇ. ಬೇಸಿಗೆಯಲ್ಲಾದ್ರೆ ದೋಣಿಗೆ ಹೋಗುವ ಪರಿಚಯದ ಅಣ್ಣ ಒಬ್ರು ದೂರದ ತಿಳಿ ನೀರು ಕ್ಯಾನಲ್ಲಿ ತಂದು ಕೊಡ್ತಾರೆ. ಈಗ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗೆ ರಜೆ, ಮತ್ತೆ ನೇತ್ರಾವತಿ, ಗುರುಪುರ ಹೊಳೆಯ ಕೆಂಪು ನೀರು ಸೇರಿ ದಡದ ನೀರಿನ ಉಪ್ಪೂ ಇಳಿದಿರ್ತದೆ, ಹಾಗಾಗಿ ಮಳೆಗಾಲ ಪೂರ್ತಿ ಪ್ಯಾಕೆಟ್ ಸಾಲ್ಟ್ (ಅಡಿಗೆ ಉಪ್ಪಲ್ಲ, ಉಪ್ಪುನೀರಿನ ಟ್ಯಾಂಕಿಗೆ ಅಂತಲೇ ಸಿಗುವ ಉಪ್ಪಿನ ಮಿಶ್ರಣ). 56 ಲೀಟರ್ ಆರ್‌ಓ ನೀರಿಗೆ ಸುಮಾರು 2.1 ಕೆಜಿ, ಡ್ರಮ್ಮಲ್ಲಿ ಪವರ್‌ಹೆಡ್ (ನೀರು ತಿರುಗಿಸುವ ಸಣ್ಣ ಪಂಪ್) ಹಾಕಿ ರಾತ್ರಿ ಇಡೀ ತಿರುಗಲಿಕ್ಕೆ ಬಿಟ್ಟು ಬೆಳಿಗ್ಗೆ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಲ್ಲಿ ಸಾಪೇಕ್ಷ ಸಾಂದ್ರತೆ 1.025 ನೋಡಿಯೇ ಬಳಸಿದ್ದು.

ಭಾನುವಾರ ಬೆಳಿಗ್ಗೆ ಶುರು. ಪಂಪ್ ನಿಲ್ಲಿಸುವ ಮೊದಲು ಸಂಪಿನ ನೀರು ಎಲ್ಲಿ ಉಂಟೋ ಅಲ್ಲಿ ಮಾರ್ಕರಲ್ಲಿ ಗೆರೆ, ನಿಲ್ಲಿಸಿದ ಮೇಲೆ ಮೇಲಿನ ನೀರು ಇಳಿದು ಎಲ್ಲಿಗೆ ಏರ್ತದೋ ಅಲ್ಲಿ ಇನ್ನೊಂದು ಗೆರೆ. ಪ್ಲಗ್ ತೆಗೆದು ವಯರನ್ನು ಸಾಕೆಟಿಗಿಂತ ಕೆಳಗೆ ಜೋತು ಬಿಟ್ಟಿರಬೇಕು, ಉಪ್ಪುನೀರು ವಯರ್ ಹಿಡಿದು ಇಳಿದ್ರೂ ನೆಲಕ್ಕೆ ಬೀಳ್ಬೇಕೇ ಹೊರತು ಸಾಕೆಟಿಗೆ ಹೋಗಬಾರದು. ಆಮೇಲೆ ಟ್ಯಾಂಕಿನಿಂದ 56 ಲೀಟರ್ ತೆಗೆದು ಒಂದು ದೊಡ್ಡ ಟಬ್ಬು, ಎರಡು ಬಕೆಟಿಗೆ ತುಂಬಿಸಿದೆ. ಹೇಗೂ ಚೆಲ್ಲುವ ನೀರು, ಉಪ್ಪು, ಬಿಸಿ, ಪಿಎಚ್ ಎಲ್ಲ ಅದೇ, ತೊಳೀಲಿಕ್ಕೆ ಇದಕ್ಕಿಂತ ಒಳ್ಳೆಯ ನೀರು ಸಿಗೋದಿಲ್ಲ. ಟಬ್ಬಿಗೆ ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಬಿಟ್ಟು ನಾಲ್ಕು ಚೀಲವನ್ನೂ ಅಲುಗಿಸದೆ ಎತ್ತಿ ಅದಕ್ಕೆ ಇಳಿಸಿದ್ದು.

ಚೀಲ ಎತ್ತಿದ ಕೂಡಲೇ ಅಡಿಯಿಂದ ಮೊಟ್ಟೆ ಕೊಳೆತ ವಾಸನೆ. ಅಡಿಗೆ ಕೋಣೆಯಿಂದ ಅಮ್ಮ "ಎಂತ ಮಾರಾಯ ಇದು ವಾಸನೆ, ಮೀನು ಸತ್ತಿದ್ಯಾ?" ಅಂತ ಕೇಳುವಷ್ಟು. ಆಮ್ಲಜನಕ ಇಲ್ಲದ ಜಾಗದಲ್ಲಿ ಬೇರೆ ಜಾತಿಯ ಬ್ಯಾಕ್ಟೀರಿಯಾ ಸೇರಿಕೊಂಡು ಹೈಡ್ರೋಜನ್ ಸಲ್ಫೈಡ್ ಮಾಡ್ತದೆ, ಅದರ ವಾಸನೆ ಇದು, ಮೀನಿಗೆ ವಿಷ. ಪಂಪ್ ಓಡುವಾಗ ಇದು ಕದಡಿ ಮೇಲೆ ಹೋಗದೆ ಇದ್ದದ್ದು ದೊಡ್ಡ ಪುಣ್ಯ. ತಳದಲ್ಲಿ ಹೆಬ್ಬೆರಳಿನಷ್ಟು ದಪ್ಪಕ್ಕೆ ಕೆಸರು, ಮೇಲೆ ಕಂದು, ಅಡಿಯಲ್ಲಿ ಕಪ್ಪು. ಅರ್ಧ ಇಂಚಿನ ಪೈಪಲ್ಲಿ ಮೆಲ್ಲ ಎಳೆದು ಪೂರ್ತಿ ಹೊರಗೆ ಹಾಕಿದೆ, ಒಂದು ಹನಿ ಕೂಡ ಪಂಪಿನ ಖಾನೆಗೆ ದಾಟಲಿಕ್ಕೆ ಬಿಡ್ಲಿಲ್ಲ.

ಈಗ ಕಟ್ಟುವ ಕೆಲಸ. ಸೀಲಿಂಗ್ ಲೈಟಿಗೆ ಹಾಕುವ ಚೌಕ ಚೌಕ ಪ್ಲಾಸ್ಟಿಕ್ ಜಾಲರಿ ಸಿಗ್ತದಲ್ಲ, ಅದನ್ನು ಖಾನೆಯ ಅಳತೆಗೆ ಕತ್ತರಿಸಿ, 20 ಎಂಎಂ ಪಿವಿಸಿ ಪೈಪನ್ನು 5 ಸೆಂಟಿಮೀಟರಿನ ತುಂಡು ಮಾಡಿ ಆರು ಕಾಲು ಕೊಟ್ಟೆ. ಅಂಟು ಹಾಕ್ಲಿಲ್ಲ, ಪೈಪಿಗೆ ತೂತು ಕೊರೆದು ಕೇಬಲ್ ಟೈ ಬಿಗಿದದ್ದು. ತಂತಿ, ಸ್ಕ್ರೂ, ಕಬ್ಬಿಣದ್ದು ಯಾವುದೂ ಬೇಡ, ಉಪ್ಪುನೀರಿಗೆ ಒಂದೇ ತಿಂಗಳಲ್ಲಿ ತುಕ್ಕು. ಜಾಲರಿಯ ಒಂದು ಮೂಲೆಯನ್ನು ಬೇಕಂತಲೇ ಚೌಕವಾಗಿ ಕತ್ತರಿಸಿ ಬಿಟ್ಟೆ, ಮುಂದೆ ಚೀಲ ತೆಗೆಯದೆ ಅಲ್ಲಿಂದ ಪೈಪ್ ಇಳಿಸಿ ಅಡಿಯ ಕೆಸರು ಎಳೀಬಹುದು. ಆಮೇಲೆ ನೀರು ಒಳಗೆ ಬರುವ ಬದಿಗೆ ಒಂದು ಅಕ್ರಿಲಿಕ್ ಶೀಟ್ ನಿಲ್ಲಿಸಿದೆ, ಎರಡೂ ಬದಿ ಸ್ಪಂಜಿನ ಪಟ್ಟಿ ಸಿಕ್ಕಿಸಿ ಬಿಗಿ ಮಾಡಿ, ಅಡಿಯಲ್ಲಿ 3 ಸೆಂಟಿಮೀಟರ್ ಸಂದಿ ಬಿಟ್ಟು. ಈಗ ನೀರಿಗೆ ಬೇರೆ ದಾರಿ ಇಲ್ಲ, ಶೀಟಿನ ಅಡಿಯಿಂದ ನುಗ್ಗಿ ಜಾಲರಿಯ ಕೆಳಗೆ ಹರಡಿ ಚೀಲಗಳ ಒಳಗಿಂದಲೇ ಮೇಲೆ ಏರಬೇಕು. ಭಾರದ ಕೆಸರು ಅಡಿಯಲ್ಲೇ ಕೂರ್ತದೆ. ಚೀಲ ಮತ್ತು ಗಾಜಿನ ನಡುವೆ ಉಳಿದ ಸಂದಿಗೆ ದೊಡ್ಡ ಕಣ್ಣಿನ ಸ್ಪಂಜ್ ತುರುಕಿದ್ದು, ಇಲ್ಲದಿದ್ರೆ ನೀರು ಸುಲಭದ ದಾರಿ ಹಿಡಿದು ಮೂಲೆಯಿಂದ ಜಾರ್ತದೆ.

ನಾಲ್ಕರಲ್ಲಿ ಒಂದೇ ಚೀಲ ತೊಳೆದದ್ದು. ಕೈಗೆ ರಬ್ಬರ್ ಗ್ಲೌಸ್ ಹಾಕಿ ಬಕೆಟಿನ ನೀರಲ್ಲಿ ಮುಳುಗಿಸಿ ಮೇಲೆ ಕೆಳಗೆ, ಮೇಲೆ ಕೆಳಗೆ, ಚಾ ಸೋಸುವ ಮೊದಲು ಪುಡಿ ಚೀಲ ಆಡಿಸಿದ ಹಾಗೆ, ಹತ್ತು ಹನ್ನೆರಡು ಸರ್ತಿ. ನೀರು ಮೊದಲ ಮಳೆಗೆ ಹೊಳೆ ಬಂದ ಬಣ್ಣಕ್ಕೆ ತಿರುಗಿತು. ಎರಡನೇ ಬಕೆಟಲ್ಲಿ ಇನ್ನು ಐದಾರು ಸರ್ತಿ, ಅಷ್ಟೇ ಸಾಕು. ನೀರು ತಿಳಿಯಾಗುವ ತನಕ ತೊಳೀಬೇಕು ಅಂತ ಕೈ ಎಳೀತದೆ, ಅಲ್ಲಿ ನಿಲ್ಲಿಸಬೇಕು. ಒಂದು ರಿಂಗ್ ತೆಗೆದು ಬೆರಳಲ್ಲಿ ಸವರಿ ನೋಡಿದೆ, ಸಂದಿಯ ಕೆಸರು ಹೋಗಿದೆ, ಮೈ ಮಾತ್ರ ತಿಳಿಕಂದು, ಬೆರಳಿಗೆ ಜಾರ್ತದೆ. ಆ ಜಾರುವಿಕೆ ಉಳಿದ್ರೆ ಕೆಲಸ ಸರಿಯಾಗಿದೆ ಅಂತ.

ಬಕೆಟಿನ ತಳದಲ್ಲಿ ಎಷ್ಟು ಜೀವ ಇತ್ತು ಅಂದ್ರೆ ಮಗಳು ಅರ್ಧ ಗಂಟೆ ಅಲ್ಲಿಂದ ಏಳಲಿಲ್ಲ. ಅಕ್ಕಿಕಾಳಿಗಿಂತ ಸಣ್ಣ ಆಂಫಿಪಾಡ್ (ಎಟ್ಟಿಯಂಥ ಪುಟ್ಟ ಜೀವಿ), ಚುಕ್ಕಿಯಷ್ಟು ಬಿಳಿ ಸುರುಳಿ ಚಿಪ್ಪಿನ ಹುಳುಗಳು, ಎರಡು ಬ್ರಿಸಲ್ ವರ್ಮ್, ಒಂದು ಕಿರುಬೆರಳಿಗಿಂತ ಉದ್ದ. ಬ್ರಿಸಲ್ ವರ್ಮನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬದಿಯ ಕೂದಲಿನಂಥ ಮುಳ್ಳು ಚರ್ಮಕ್ಕೆ ಹೊಕ್ಕಿ ಉರೀತದೆ, ಸೆಲ್ಲೋ ಟೇಪ್ ಅಂಟಿಸಿ ಎಳೆದ್ರೆ ಬರ್ತದೆ. ಅವೇ ಅಲ್ವಾ ಉಳಿದ ಆಹಾರ ತಿಂದು ಕ್ಲೀನ್ ಮಾಡೋದು, ಕೆಸರಿನೊಟ್ಟಿಗೆ ಅಂಗಳಕ್ಕೆ ಚೆಲ್ಲುವ ಮನಸ್ಸು ಬರಲಿಲ್ಲ. ಮಗಳು ಪ್ಲಾಸ್ಟಿಕ್ ಚಮಚದಲ್ಲಿ ಒಂದೊಂದೇ ಹೆಕ್ಕಿ ಸಂಪಿಗೆ ವಾಪಸ್ ಬಿಟ್ಟಳು.

ಉಳಿದ ಮೂರು ಚೀಲ ಹಾಗೇ ಜಾಲರಿ ಮೇಲೆ ಕೂತವು. ಹೊಸ ನೀರು ತುಂಬಿ ಪಂಪ್ ಹಾಕಿದೆ, ನೀರು ಮೇಲಿಂದ ಜಾರೋದು ನಿಂತಿತು. 24 ಗಂಟೆಗೆ ಅಮೋನಿಯ 0, 48 ಗಂಟೆಗೆ 0.

ಅಮೋನಿಯ ಇಲ್ಲ ಅಂತ ಖಾತ್ರಿಯಾದ ಮೇಲೆಯೇ ಅಡಿಗೆ ಸೋಡಾ. ಈ ಕ್ರಮ ತಪ್ಪಬಾರದು, ಪಿಎಚ್ ಏರಿದಷ್ಟೂ ಅಮೋನಿಯದಲ್ಲಿ ವಿಷದ ಪಾಲು ಹೆಚ್ಚಾಗ್ತದೆ. 280 ಲೀಟರಿಗೆ 1 ಡಿಕೆಎಚ್ ಏರಿಸಬೇಕಾದ್ರೆ 8.4 ಗ್ರಾಂ ಬೇಕು. ನನಗೆ 6.2ರಿಂದ 8ಕ್ಕೆ ಹೋಗ್ಬೇಕಿತ್ತು, ಅಂದ್ರೆ 15 ಗ್ರಾಂ, ದಿನಕ್ಕೆ 5 ಗ್ರಾಂ ಒಂದು ಚೆಂಬು ಆರ್‌ಓ ನೀರಲ್ಲಿ ಕರಗಿಸಿ ಸಂಪಿಗೆ ಮೆಲ್ಲ ಸುರಿದೆ, ಮೂರು ದಿನ. ಬೇಕಿಂಗ್ ಪೌಡರ್ ಅಲ್ಲ, ಸೋಡಾ.

ಮೂರನೇ ವಾರ

ಎರಡನೇ ಚೀಲ. ಇಲ್ಲಿ ಒಂದು ತಪ್ಪು ಮಾಡಿದೆ. ಮೊದಲ ಸರ್ತಿ ಎಲ್ಲ ಸಲೀಸಾದ ಧೈರ್ಯದಲ್ಲಿ ಚೀಲ ತೊಳೆದ ಕೈಯಲ್ಲೇ ಸ್ಕಿಮ್ಮರ್ ಬಿಚ್ಚಿ ವಿನೆಗರಲ್ಲಿ ನೆನೆಸಿದೆ, ಸಾಕ್ ಬದಲಿಸಿದೆ, ಸಂಪಿನ ಗಾಜಿನ ಒಳಮೈ ಪೂರ್ತಿ ಕೆರೆದೆ, ಸಾಲದ್ದಕ್ಕೆ ಮೇಲಿನ ಟ್ಯಾಂಕಿನ ಮರಳನ್ನೂ ಪೈಪ್ ಹಾಕಿ ಕೆದಕಿದೆ. ಲೋಳೆ ಇರೋದು ರಿಂಗಿನಲ್ಲಿ ಮಾತ್ರ ಅಲ್ಲ, ಗಾಜಿನಲ್ಲಿ, ಪೈಪಿನ ಒಳಗೆ, ಮರಳಿನ ಕಾಳಲ್ಲಿ ಎಲ್ಲ ಕಡೆ ಉಂಟು, ಒಂದೇ ದಿನ ಎಲ್ಲದಕ್ಕೂ ಕೈ ಹಾಕಿದ್ರೆ ಹೊರೆ ತಡೆಯೋದು ಯಾರು? ಮಂಗಳವಾರ ಬೆಳಿಗ್ಗೆ ಟೆಸ್ಟ್ ಟ್ಯೂಬ್ ಹಳದಿ ಇರಬೇಕಾದ್ದು ತಿಳಿಹಸಿರು. 0.25.

ಗೋಬಿ ಸತ್ತ ದಿನ ನೆನಪಾಗಿ ಕೈ ನಡುಗಿತು. ಆದ್ರೆ ಈ ಸರ್ತಿ ಎಂತ ಮಾಡ್ಬೇಕು ಅಂತ ಗೊತ್ತಿತ್ತು. ಆಹಾರ ಪೂರ್ತಿ ಬಂದ್ (ಆರೋಗ್ಯದ ಮೀನು ಎರಡು ದಿನ ಹಸಿದಿದ್ರೆ ಎಂತದೂ ಆಗೋದಿಲ್ಲ), ಏರ್ ಸ್ಟೋನ್ ಒಂದು ಹೆಚ್ಚು, ಸಂಜೆಗೆ ಮೊದಲೇ ಕಲೆಸಿಟ್ಟ 40 ಲೀಟರ್ ನೀರು ಬದಲು. ಬುಧವಾರ ಹಸಿರು ಮಸುಕು, ಗುರುವಾರ ಪೂರ್ತಿ ಹಳದಿ. ಮೀನಿಗೆ ಏನೂ ಆಗಲಿಲ್ಲ. ಬದಲಿಸಲು ಸಾಲ್ಟ್ ಕಲೆಸಿದ ನೀರು ಒಂದು ಕ್ಯಾನ್ ಯಾವಾಗಲೂ ರೆಡಿ ಇರಬೇಕು ಅಂತ ನಾನು ಹೇಳೋದು ಇದಕ್ಕೇ, ಅಮೋನಿಯ ಕಂಡ ಮೇಲೆ ಉಪ್ಪು ಕಲೆಸ್ಲಿಕ್ಕೆ ಕೂತ್ರೆ ಒಂದು ರಾತ್ರಿ ಹೋಯ್ತು.

ಐದನೇ ವಾರ

ಮೂರನೇ ಚೀಲ ತೊಳೆದದ್ದು ಬೆಳಿಗ್ಗೆ, ಮಧ್ಯಾಹ್ನ ಗಾಳಿಮಳೆ, ಎಲ್ಲೋ ತೆಂಗಿನ ಮರ ಲೈನಿನ ಮೇಲೆ ಬಿದ್ದು ಕರೆಂಟ್ ಹೋಯ್ತು. ನಮ್ಮ ಊರಲ್ಲಿ ಮಳೆಗಾಲ ಅಂದ್ರೆ ಇದು ಇದ್ದದ್ದೇ, ಹಾಗಾಗಿ ಟ್ಯಾಂಕಿನ ಫಿಲ್ಟರ್ ಬಗ್ಗೆ ಬರೆಯುವಾಗ ಕರೆಂಟ್ ಬಗ್ಗೆ ಬರೀಲೇಬೇಕು. ನಮ್ಮ ಇನ್ವರ್ಟರಿಗೆ ರಿಟರ್ನ್ ಪಂಪ್ ಕೊಟ್ಟಿಲ್ಲ, 10 ವಾಟಿನ ಒಂದು ವೇವ್ ಮೇಕರ್ ಮತ್ತೆ ಒಂದು ಏರ್ ಪಂಪ್ ಮಾತ್ರ, ಅದು ಮೇಲಿನ ಟ್ಯಾಂಕಿಗೆ. ಮೀನು, ಕಲ್ಲು, ಮರಳು ಎಲ್ಲ ಅಲ್ಲೇ ಇರೋದು, ಅಲ್ಲಿ ನೀರು ಅಲುಗ್ತಾ ಇದ್ರೆ ಅರ್ಧ ಚಿಂತೆ ಇಲ್ಲ.

ಸಂಪಿನ ಚೀಲಗಳದ್ದೇ ಚಿಂತೆ. ನಿಂತ ನೀರಲ್ಲಿ ಮುಳುಗಿದ ರಿಂಗಿನ ಸುತ್ತ ಇರುವ ಆಮ್ಲಜನಕ ಕೆಲವೇ ಗಂಟೆಯಲ್ಲಿ ಮುಗೀತದೆ, ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರಾದ್ರೆ ಇನ್ನೂ ಬೇಗ. ಕರೆಂಟ್ ಬಂದ ಕೂಡಲೇ ಆ ಕೊಳೆತ ನೀರು ಒಂದೇ ಸರ್ತಿಗೆ ಮೇಲೆ ಹೋಗಿ ಮೀನು ಸಾಯೋದು. ಒಂದು ಗಂಟೆ ಕಾದೆ, ಬರಲಿಲ್ಲ. ನಾಲ್ಕೂ ಚೀಲ ಎತ್ತಿ ಹಳೇ ಅಡಿಗೆ ಟ್ರೇಯಲ್ಲಿ ತೆಳ್ಳಗೆ ಹರಡಿ ಮೇಲೆ ಟ್ಯಾಂಕ್ ನೀರಲ್ಲಿ ಅದ್ದಿದ ಬೈರಾಸು ಮುಚ್ಚಿದೆ. ಮುಳುಗಿ ಉಸಿರುಕಟ್ಟೋದಕ್ಕಿಂತ ಒದ್ದೆ ಮೈಯಲ್ಲಿ ಗಾಳಿಗೆ ಇರೋದು ಈ ಬ್ಯಾಕ್ಟೀರಿಯಾಕ್ಕೆ ವಾಸಿ. ಅರ್ಧ ಗಂಟೆಗೊಮ್ಮೆ ಒಂದು ಲೋಟ ಟ್ಯಾಂಕ್ ನೀರು ಮೇಲಿಂದ ಹಾಕ್ತಾ ಹೋಗಿದ್ದು, ಹೆಂಡತಿ ಒಂದು ಪಾಳಿ, ನಾನು ಒಂದು ಪಾಳಿ. ಕರೆಂಟ್ ಬಂದದ್ದು ರಾತ್ರಿ 9ಕ್ಕೆ, ಏಳು ಗಂಟೆ ಮೇಲಾಗಿತ್ತು. ಪಂಪ್ ಹಾಕುವ ಮೊದಲು ಸಂಪಿನ ನೀರು ಮೂಸಿ ನೋಡಿದೆ, ಕೆಟ್ಟ ವಾಸನೆ ಇರಲಿಲ್ಲ. ಚೀಲ ಇಳಿಸಿ ಪಂಪ್ ಹಾಕಿದೆ, ಮರುದಿನ ಅಮೋನಿಯ 0, ಆಚೆ ದಿನ 0.

ಜಾಲರಿ ಇಲ್ಲದೆ ಮೊದಲಿನ ಹಾಗೆ ಕೆಸರಲ್ಲಿ ಹೂತ ಚೀಲಗಳಿದ್ದಿದ್ರೆ ಆ ಏಳು ಗಂಟೆ ಹೇಗೆ ಕಳೀತಿತ್ತು ಅಂತ ಯೋಚಿಸ್ಲಿಕ್ಕೂ ಮನಸ್ಸಾಗೋದಿಲ್ಲ.

ಏಳನೇ ವಾರ

ನಾಲ್ಕನೇ ಚೀಲ ಹೆಚ್ಚು ಹಾಳಾಗಿತ್ತು. ಇದು ಮೂಲೆಯಲ್ಲಿ ಇದ್ದದ್ದು, ಹಳೇ ರಿಂಗುಗಳು, ಒಂದು ಹಿಡಿಯಷ್ಟು ಬೆರಳಲ್ಲಿ ಹಿಚುಕಿದ್ರೆ ಹುಡಿ ಆಗ್ತಾ ಇತ್ತು. ಹುಡಿಯಾದ್ದನ್ನು ಮಾತ್ರ ಹೆಕ್ಕಿ ತೆಗೆದು ಅಷ್ಟೇ ಹೊಸ ರಿಂಗ್ ಹಳೆಯದ್ದರ ಮಧ್ಯೆ ಬೆರೆಸಿದೆ, ಪಕ್ಕದ ಹಳೇ ರಿಂಗಿನಿಂದ ಲೋಳೆ ಹಬ್ಬಿಕೊಳ್ತದೆ. ಹೊಸತನ್ನು ಆರ್‌ಓ ನೀರಲ್ಲಿ ತೊಳೆದು ಹುಡಿ ತೆಗೆದೇ ಹಾಕಬೇಕು, ಇಲ್ಲದಿದ್ರೆ ಟ್ಯಾಂಕ್ ಎರಡು ದಿನ ಹಾಲಿನ ಹಾಗೆ. ರಿಂಗ್ ಹಳತಾದ್ರೆ ಆರು ತಿಂಗಳಿಗೊಮ್ಮೆ ಪೂರ್ತಿ ಬದಲಿಸಿ ಅಂತ ಕೆಲವು ಪ್ಯಾಕೆಟಿನ ಮೇಲೆ ಬರೆದಿರ್ತದೆ. ಅದನ್ನು ಕೇಳಬೇಡಿ. ಮುರಿದು ಹುಡಿಯಾಗದ ರಿಂಗಿಗೆ ವಯಸ್ಸಿನ ತೊಂದರೆ ಎಂತದೂ ಇಲ್ಲ, ನೀರು ದಾಟ್ತದಾ ಇಲ್ವಾ ಅನ್ನೋದೇ ಲೆಕ್ಕ.

ಎಂಟನೇ ವಾರ

ಎರಡು ವಾರಕ್ಕೊಮ್ಮೆ 20% ನೀರು ಬದಲು, ಮಧ್ಯದ ವಾರ 10%, ಸಾಕ್ ಭಾನುವಾರ ಮತ್ತು ಬುಧವಾರ ಬದಲು. ಬರೀ ನೀರು ಬದಲಿಸಿಯೇ ಇಳೀಬೇಕಿದ್ರೆ ಮೊದಲೂ ಇಳೀಬೇಕಿತ್ತಲ್ಲ. ಮೊದಲ ಬದಲಾವಣೆಗೆ 80 ಇದ್ದದ್ದು 64ಕ್ಕೆ ಬಂದು ಪುನಃ ಏರಲಿಲ್ಲ, ಅದೇ ನನಗೆ ದೊಡ್ಡ ಸುದ್ದಿ. ಮೂರನೇ ವಾರ 50, ಐದನೇ ವಾರ 40, ಈಗ 25. ಆಲ್ಕಲಿನಿಟಿ 8.1, ಸೋಡಾ ನಿಲ್ಲಿಸಿ ಐದು ವಾರ ಮೇಲಾಯ್ತು. ಬೆಳಿಗ್ಗೆಯ ಪಿಎಚ್ 8.0 ಮಾತ್ರ, ಮಳೆಗೆ ಕಿಟಕಿ ಬಾಗಿಲು ಎಲ್ಲ ಮುಚ್ಚಿ ಮನೆಯೊಳಗೆ ಇಂಗಾಲದ ಡೈಆಕ್ಸೈಡ್ ಹೆಚ್ಚಿರ್ತದೆ, ಅದು ನೀರಿಗೂ ಇಳೀತದೆ. ಮಳೆ ಬಿಟ್ಟ ದಿನ ಕಿಟಕಿ ತೆಗೆದ್ರೆ ಸಂಜೆಗೆ 8.2 ಬರ್ತದೆ, ಅದಕ್ಕೆ ಮದ್ದು ಸುರೀಲಿಕ್ಕೆ ಹೋಗಲಿಲ್ಲ.

ಶನಿವಾರ ಜಾಲರಿಯ ಮೂಲೆಯಿಂದ ಪೈಪ್ ಇಳಿಸಿ ಎಳೆದೆ. ಒಂದು ಲೋಟದಷ್ಟು ಕೆಸರು ಬಂತು, ಕಂದು ಬಣ್ಣದ್ದೇ, ಕಪ್ಪು ಇಲ್ಲ, ಮೂಸಿದ್ರೆ ಬರೀ ಸಮುದ್ರದ ವಾಸನೆ. ಚೀಲ ಯಾವುದನ್ನೂ ಮುಟ್ಟಲಿಲ್ಲ. ಒಂದನೇ ಚೀಲಕ್ಕೆ ಮಗಳು ಕೆಂಪು ಕೇಬಲ್ ಟೈ ಕಟ್ಟಿದ್ದಾಳೆ, ಮುಂದಿನ ಸುತ್ತು ಅದರಿಂದಲೇ ಶುರು, ಅಕ್ಟೋಬರಿನಲ್ಲಿ, ಅದೂ ನೀರು ಗಾಜಿನ ಗೆರೆಗಿಂತ ಮೇಲೆ ಏರಿದ್ರೆ ಮಾತ್ರ.